ಅಟೆಂಡ್ ಎಂಬ ಪದವೂ ನೀಲಕ್ಕನ ರಾಣಿಯೂ

ಮನೆಯಲ್ಲಿ ದಿನಾ ಓಡಾಡುವ ಒಂದು ಇಂಗ್ಲಿಷ್ ಪದವನ್ನು ಹಿಡಿದು, ಅದರ ಅರ್ಥ ಏನು, ಹುಟ್ಟು ಎಲ್ಲಿ ಎಂದು ಒಂದು ಪುಟ ಬರೆದುಕೊಂಡು ಬನ್ನಿ ಎಂದು ನನ್ನ ಮೊಮ್ಮಗಳ ಕಾಲೇಜಿನಲ್ಲಿ ಹೇಳಿದ್ದರಂತೆ. ಸಹನಾ ಎರಡನೇ ಪಿಯುಸಿ. ಅವಳ ಗೆಳತಿಯರು ಸ್ವಿಚ್ಚು, ಕುಕ್ಕರು, ಚಾರ್ಜರುಗಳನ್ನು ಆಗಲೇ ಹಂಚಿಕೊಂಡುಬಿಟ್ಟಿದ್ದರು. ಇವಳು ಅಡುಗೆಮನೆಯಿಂದ ಪಡಸಾಲೆಯವರೆಗೆ ಒಂದು ಸುತ್ತು ಕಣ್ಣಾಡಿಸಿ, ಕಡೆಗೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ನನ್ನ ಮೇಲೆ ನಿಲ್ಲಿಸಿದಳು.

"ತಾತಾ, ನೀ ಏನಾಗಿ ರಿಟೈರ್ ಆದಿ?"

"ಅಟೆಂಡರ್."

"ಅಂದ್ರ ಏನು?"

"ಅಂದ್ರ ಅಟೆಂಡರ್ ನೋಡವ್ವ. ಗಂಟಿ ಹೊಡಿಯೋದು, ಫೈಲ್ ಒಯ್ಯೋದು, ಚಾ ತರೋದು."

"ಅದು ಕೆಲಸ ಆತು. ಪದದ ಅರ್ಥ ಏನು?"

ನನಗೆ ಗೊತ್ತಿರಲಿಲ್ಲ. ಹಗರಿಬೊಮ್ಮನಹಳ್ಳಿಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಮೂವತ್ನಾಲ್ಕು ವರ್ಷ ಆ ಪದವನ್ನು ಎದೆಯ ಮೇಲೆ ಸಿಕ್ಕಿಸಿಕೊಂಡು ತಿರುಗಿದವನು ನಾನು. ಅಲ್ಲಿ ದಪ್ಪ ದಪ್ಪ ನಿಘಂಟುಗಳಿದ್ದವು. ವಾರಕ್ಕೊಮ್ಮೆ ಅವುಗಳ ಧೂಳು ಹೊಡೆಯುತ್ತಿದ್ದವನೂ ನಾನೇ. ಒಂದು ದಿನವಾದರೂ ತೆರೆದು ನನ್ನ ಹೆಸರಿನ ಜೊತೆಗಿದ್ದ ಪದವನ್ನು ಹುಡುಕಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷನ್ನು ಎರಡನೇ ಸಲಕ್ಕೆ ದಾಟಿದವನು, ಮತ್ತೆ ಆ ದಿಕ್ಕಿಗೆ ತಲೆ ಹಾಕಿರಲಿಲ್ಲ.

ಸಹನಾ ಫೋನು ಒತ್ತಿ ಓದಿ ಹೇಳಿದಳು. "ಲ್ಯಾಟಿನ್‌ನಿಂದ ಬಂದೈತಿ ತಾತಾ. ಮೊದಲಿನ ಅಡ್ ಅಂದ್ರ ಒಂದರ ಕಡಿಗೆ. ಟೆಂಡೆರೆ ಅಂದ್ರ ಚಾಚೋದು, ಎಳದು ಬಿಗಿ ಮಾಡೋದು. ಎರಡೂ ಕೂಡಿ, ಒಂದರ ಕಡಿಗೆ ಚಾಚ್ಕೊಳ್ಳೋದು. ಅಟೆನ್ಶನ್ನೂ ಅದ ಮನಿತನದ್ದು."

"ಏನು ಚಾಚೋದು? ಕೈಯಾ?"

"ಮನಸ್ಸು, ಕಿವಿ, ಮೈ. ಎಲ್ಲಾ."

ಮತ್ತೂ ಓದಿದಳು. ಫ್ರೆಂಚರ ನಾಡಿನಲ್ಲಿ ಇದೇ ಪದಕ್ಕೆ ಕಾಯುವುದು ಎಂದು ಅರ್ಥವಂತೆ. ಬಟ್ಟೆಯನ್ನು ಎಳೆದು ಕಟ್ಟುವುದರಿಂದ ಟೆಂಟಿಗೆ ಟೆಂಟ್ ಎಂಬ ಹೆಸರು ಬಂದಿದ್ದೂ ಆ ಬೇರಿನಿಂದಲೇ. ಅಷ್ಟು ದೂರ ಯಾಕೆ, ಸಂಸ್ಕೃತದಿಂದ ಬಂದ ನಮ್ಮ ತಂತಿಯೂ ಹಿಂದಕ್ಕೆ ಹಿಂದಕ್ಕೆ ಹೋದರೆ ಅದರ ದಾಯಾದಿಯಂತೆ. ಕಂಬದಿಂದ ಕಂಬಕ್ಕೆ ಎಳೆದ ತಂತಿ. ಇದು ನನಗೆ ಬಹಳ ಹಿಡಿಸಿತು. ಚಾ ತರುವ ಕೆಲಸಕ್ಕೆ ಇಷ್ಟು ದೊಡ್ಡ ಮನೆತನ ಇರುತ್ತದೆ ಎಂದು ಯಾರು ಅಂದುಕೊಂಡಿದ್ದರು?

ಟೆಂಟ್ ಎಂದ ಕೂಡಲೇ ನನಗೆ ಕೊಟ್ಟೂರು ನೆನಪಾಯಿತು. ಹೈಸ್ಕೂಲಿಗೆ ಅಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಬೇಸಿಗೆಯಲ್ಲಿ ಊರ ಹೊರಗೆ ಟೆಂಟ್ ಸಿನಿಮಾ ಬರುತ್ತಿತ್ತು. ಒಂದು ದಿನ ಆಟದ ನಡುವೆ ಗಾಳಿ ಎದ್ದು ಒಂದು ಗೂಟ ಕಿತ್ತಿತು. ಹಗ್ಗದ ಒಂದೇ ಒಂದು ತುದಿ ಬಿಟ್ಟಿದ್ದು, ಅಷ್ಟೆ. ಇಡೀ ಪಕ್ಕ ಕುಸಿದು, ಪರದೆ ಮಡಚಿಕೊಂಡು, ಅದರ ಮೇಲಿದ್ದ ಹೆಂಗಸಿನ ಮುಖ ಬಾಯಿ ಎಲ್ಲೋ ಕಣ್ಣು ಎಲ್ಲೋ ಆಗಿ ನೆಲಕ್ಕೆ ಇಳಿಯಿತು. ಆದರೆ ಮಾತು ನಿಲ್ಲಲಿಲ್ಲ. ಬೇರೆ ಕಡೆಯ ಪೆಟ್ಟಿಗೆಯಿಂದ ಅವಳು ಮಾತಾಡುತ್ತಲೇ ಇದ್ದಳು. ನಾವು ಹುಡುಗರು ಕಿರುಚಿ ಹೊರಗೆ ಓಡಿದೆವು.

ಅದು ಯಾಕೆ ಈಗ ನೆನಪಾಯಿತು ಎಂದು ನನಗೆ ಗೊತ್ತು. ಇನ್ನು ಸುತ್ತುಬಳಸು ಬೇಡ. ನಾನು ಇದನ್ನು ಬರೆಯುತ್ತಿರುವುದು ನಿಮಗೆ ಲ್ಯಾಟಿನ್ ಕಲಿಸಲು ಅಲ್ಲ. ನನ್ನ ಅಕ್ಕ ನೀಲಕ್ಕ ಕಳೆದ ಬೇಸಿಗೆಯ ಕೊನೆಗೆ ತೀರಿಕೊಂಡಳು. ಅದಕ್ಕೆ ಮುಂಚೆ ಮೂರು ಭಾನುವಾರ ತನ್ನ ಕಾಯಿಲೆಯನ್ನು ನನ್ನ ಎದುರಿಗೆ ಕೂತು ಹೇಳಿದಳು. ಮೂರು ಭಾನುವಾರವೂ ನಾನು ಹೂಂ ಎಂದೆ. ಒಂದು ಮಾತನ್ನೂ ಕೇಳಿರಲಿಲ್ಲ. ಅವಳು ಹೋದ ದಿನ ಡಾಕ್ಟರು, "ಮೊದಲೇ ಏನಾದರೂ ಹೇಳಿದ್ದರಾ?" ಎಂದು ಕೇಳಿದಾಗ, "ಏನೂ ಹೇಳಿರಲಿಲ್ಲ" ಎಂದು ಉತ್ತರ ಕೊಟ್ಟೆ. ಸುಳ್ಳು ಹೇಳಿದೆ ಎಂದು ಆಗ ನನಗೇ ಗೊತ್ತಿರಲಿಲ್ಲ. ಗೊತ್ತಾದ ಮೇಲಿನಿಂದ ನನಗೆ ಬೇಕಾಗಿರುವುದು ಒಂದೇ. ಅವಳು ಹೇಳಿದ್ದನ್ನು ಕೇಳಬೇಕು. ಪೂರಾ, ಕೊನೆಯವರೆಗೆ.

ಈ ಹೂಂ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೂ ಹೇಳುತ್ತೇನೆ. ನಮ್ಮದು ತಂಬ್ರಹಳ್ಳಿ. ಮುಂಗಾರಿಗೆ ಮುಂಚೆ ಬಿತ್ತನೆಗೆ ಬೇಕಾದ ಶೇಂಗಾವನ್ನು ಕೈಯಿಂದಲೇ ಸುಲಿಯಬೇಕು. ಮಷೀನಿಗೆ ಹಾಕಿದರೆ ಬೀಜದ ಮೇಲಿನ ಕೆಂಪು ಸಿಪ್ಪೆ ಕಿತ್ತು ಬಂದು ಮೊಳಕೆ ಕೆಡುತ್ತದೆ. ಹಾಗಾಗಿ ಬೇಸಿಗೆಯ ಮಧ್ಯಾಹ್ನಗಳಲ್ಲಿ ಹೆಂಗಸರು ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಕೂರುವರು. ಹೆಬ್ಬೆರಳು ನೋಯುವುದು ಮರೆಯಲಿ ಎಂದು ಒಬ್ಬರು ಕತೆ ಹೇಳುವರು. ಹೇಳುವವರಿಗೆ ಒಬ್ಬ ಹೂಂಗುಟ್ಟುವವನು ಬೇಕೇ ಬೇಕು. ಪ್ರತಿ ಮಾತಿನ ಕೊನೆಗೆ ಅವನು ಹೂಂ ಎಂದರೇನೇ ಕತೆಯ ಮುಂದಿನ ಹೆಜ್ಜೆ. ಹೂಂ ನಿಂತರೆ ಕತೆಯೂ ನಿಲ್ಲುತ್ತದೆ. ನಿಲ್ಲಿಸಿದವನ ಕಿವಿಗೆ ಸಿಪ್ಪೆ ಬೀಳುತ್ತದೆ.

ನಮ್ಮ ಮನೆಯಲ್ಲಿ ಆ ಉದ್ಯೋಗ ನನ್ನದು. ಅದನ್ನು ನಾನು ಎಷ್ಟು ಚೆನ್ನಾಗಿ ಕಲಿತೆನೆಂದರೆ, ಎರಡೇ ಬೇಸಿಗೆಯಲ್ಲಿ ನಿದ್ದೆ ಮಾಡುತ್ತಲೇ ಹೂಂ ಅನ್ನುವುದು ಸಿದ್ಧಿಸಿತು. ಮಾತು ಮುಗಿಯುವಾಗ ದನಿ ಸ್ವಲ್ಪ ಇಳಿಯುತ್ತದೆ. ಆ ಇಳಿಜಾರಿನ ಕೊನೆಗೆ ಒಂದು ಹೂಂ ಇಟ್ಟರೆ ಮುಗಿಯಿತು. ಅನುಮಾನ ಬಂದು ಅಜ್ಜಿ, "ಕತಿ ಎಲ್ಲಿಗೆ ಬಂತಲೇ ಕೊಟ್ರ್ಯಾ?" ಎಂದರೆ, "ಅಡವಿಗೆ" ಎನ್ನುತ್ತಿದ್ದೆ. ಎಲ್ಲ ಕತೆಗಳೂ ಯಾವಾಗಲಾದರೊಮ್ಮೆ ಅಡವಿಗೆ ಬಂದೇ ಬರುತ್ತಿದ್ದವು. ನಾನು ಸಿಕ್ಕಿಬಿದ್ದಿದ್ದು ಕಡಿಮೆ.

ಮೈಲಾರದಲ್ಲಿ ಮಾತ್ರ ಒಮ್ಮೆ ಸಿಕ್ಕಿಬಿದ್ದೆ. ನನಗಾಗ ಹತ್ತು ವರ್ಷವಿರಬೇಕು. ಜಾತ್ರೆಯಲ್ಲಿ ವರ್ಷದ ಭವಿಷ್ಯ ನುಡಿಯುವ ಕಾರಣಿಕ ಕೇಳಲು ನೀಲಕ್ಕ ನನ್ನ ಕೈ ಹಿಡಿದುಕೊಂಡು ಹೋಗಿದ್ದಳು. ಎತ್ತರದ ಬಿಲ್ಲು ಏರಿದ ಗೊರವಯ್ಯ "ಸದ್ದಲೇ" ಎಂದು ಕೂಗಿದ. ಆ ಬಯಲಿನ ಅಷ್ಟೂ ಜನ ಒಂದೇ ಉಸಿರಿಗೆ ಸುಮ್ಮನಾದರು. ಎಲ್ಲರ ಕತ್ತು ಮೇಲಕ್ಕೆ ಚಾಚಿತ್ತು. ಹಕ್ಕಿಯ ರೆಕ್ಕೆ ಸದ್ದು ಕೇಳುವಂಥ ಆ ಮೌನದಲ್ಲಿ ನಾನು ರೂಢಿಯಂತೆ ಹೂಂ ಎಂದೆ. ಇನ್ನೂ ಯಾರೂ ಏನೂ ಹೇಳಿರಲೇ ಇಲ್ಲ. ನೀಲಕ್ಕ ಅಂಗೈಯಿಂದ ನನ್ನ ಬಾಯಿ ಮುಚ್ಚಿ ಹಿಡಿದಳು. ಆಮೇಲೆ ಕೇಳಿದಳು, "ಯಾರಿಗೆ ಹೂಂ ಅಂದ್ಯೋ?" ಅವಳು ನಗುತ್ತಿರಲಿಲ್ಲ. ನಿಜವಾಗಿ ತಿಳಿಯಬೇಕು ಎಂಬಂತೆ ಕೇಳಿದ್ದಳು.

ನೌಕರಿಗೆ ಸೇರಿದ ಮೇಲೆ ಈ ವಿದ್ಯೆ ನನಗೆ ಅನ್ನ ಕೊಟ್ಟಿತು ಎಂದೇ ಹೇಳಬೇಕು. ಲೆಕ್ಚರರು ಬಂದು ನನ್ನ ಮೇಜಿನ ಮೇಲೆ ಮೊಣಕೈ ಊರಿ ಸಂಸಾರ ಹೇಳಿಕೊಳ್ಳುವರು. ನಾನು ಪುಸ್ತಕಕ್ಕೆ ಮುದ್ರೆ ಒತ್ತುತ್ತ ಹೂಂ ಎನ್ನುವೆ. ನಿವೃತ್ತಿಯ ದಿನ ಶಾಲು ಹೊದಿಸಿ, ಕೊಟ್ರಪ್ಪನವರಂಥ ಕೇಳುಗ ಈ ತಾಲೂಕಿನಲ್ಲಿ ಇನ್ನೊಬ್ಬರಿಲ್ಲ ಎಂದು ಮೂವರು ಭಾಷಣ ಮಾಡಿದರು. ಆ ಭಾಷಣಗಳನ್ನೂ ನಾನು ಕೇಳಲಿಲ್ಲ. ನನ್ನ ಹೆಂಡತಿ ಶಾರದೆ ಕೇಳಿಸಿಕೊಂಡು ಬಂದು ಹೇಳಿದ್ದು. ಅವಳಿಗೆ ನನ್ನ ಹೂಂನ ತೂಕ ಮೊದಲಿನಿಂದ ಗೊತ್ತು. "ನಿಮ್ಮ ಹೂಂ ತಗಂಡು ನಾ ಏನ್ ಮಾಡ್ಲಿ? ರೊಟ್ಟಿ ಬಡಿಯಾಕ ಬರ್ತೈತೇನು?" ಎಂದು ಮದುವೆಯಾದ ವರ್ಷವೇ ಕೇಳಿಬಿಟ್ಟಿದ್ದಳು. ಅವಳು ಏನಾದರೂ ಹೇಳುವುದಿದ್ದರೆ ಮೊದಲು ನನ್ನ ಕೈಯಲ್ಲಿರುವುದನ್ನು ಕಿತ್ತಿಟ್ಟು ಹೇಳುತ್ತಾಳೆ. ಅದಕ್ಕೇ ಅವಳ ಮಾತಿನಿಂದ ಇಲ್ಲಿಯವರೆಗೆ ಅನಾಹುತವಾಗಿಲ್ಲ.

ನೀಲಕ್ಕ ಕಿತ್ತಿಡುವವಳಲ್ಲ. ನನಗಿಂತ ಏಳು ವರ್ಷ ದೊಡ್ಡವಳು. ಮದುವೆಯಾದ ಎರಡನೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಅದೇ ಮನೆಯಲ್ಲಿ ಉಳಿದಳು. ಹೊಲ ನೋಡಿಕೊಂಡಳು, ಊರ ಅರ್ಧ ಜನರ ಬಾಣಂತನ ಮಾಡಿದಳು. ಅವಳಿಗೆ ಒಂದು ಅಭ್ಯಾಸವಿತ್ತು. ನನಗೆ ಹೀಗಾಯಿತು ಎಂದು ಎಂದೂ ಹೇಳುತ್ತಿರಲಿಲ್ಲ. ಎಲ್ಲವನ್ನೂ ಒಬ್ಬ ರಾಣಿಯ ಮೇಲೆ ಹಾಕಿ ಹೇಳುವಳು. ಗಂಡ ಸತ್ತು ಬಂದ ಬೇಸಿಗೆಯಲ್ಲಿ ಶೇಂಗಾ ಸುಲಿಯುತ್ತ, "ಒಬ್ಬಾಕಿ ರಾಣಿ ಇದ್ಲು. ಆಕಿ ಅರಮನ್ಯಾಗ ದೀಪ ಹಚ್ಚಾಕ ಎಣ್ಣಿ ಇತ್ತು, ಬತ್ತಿ ಇತ್ತು, ನೋಡಾಕ ಯಾರೂ ಇರಲಿಲ್ಲ" ಎಂದು ಶುರು ಮಾಡಿದ್ದಳು. ಹಸಿವಾದರೆ ರಾಣಿಗೆ ಹಸಿವು, ಸಿಟ್ಟು ಬಂದರೆ ರಾಣಿಗೆ ಸಿಟ್ಟು. ರಾಣಿ ಅಂದರೆ ನೀಲಕ್ಕ ಎಂಬುದು ನನಗೆ ಚಡ್ಡಿ ಹಾಕುವ ವಯಸ್ಸಿನಲ್ಲೇ ಗೊತ್ತಿತ್ತು. ಆದ್ದರಿಂದ, ಕತೆ ಅಂದುಕೊಂಡು ಮೋಸಹೋದೆ ಎಂದು ನಾನು ಹೇಳುವ ಹಾಗಿಲ್ಲ.

ನಿವೃತ್ತಿಯಾದ ಮೇಲೆ ಪ್ರತಿ ಭಾನುವಾರ ಹಗರಿಬೊಮ್ಮನಹಳ್ಳಿಯಿಂದ ತಂಬ್ರಹಳ್ಳಿಗೆ ಹೋಗಿ ಅವಳೊಡನೆ ಊಟ ಮಾಡಿ, ಸಂಜೆ ನಾಲ್ಕೂವರೆ ಬಸ್ಸಿಗೆ ವಾಪಸ್ಸಾಗುತ್ತಿದ್ದೆ. ಊಟವಾದ ಮೇಲೆ ಅವಳು ಕಂಬಕ್ಕೆ ಒರಗಿ ಮೊರ ಎಳೆದುಕೊಳ್ಳುವಳು. ನಾನು ಎದುರಿನ ಚಾಪೆಯ ಮೇಲೆ ಫೋನು ಹಿಡಿದು ಕೂರುವೆ. ಆಗ ನಾನು ಏನು ನೋಡುತ್ತಿದ್ದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಯಾವುದೋ ದೇಶದ ಒಬ್ಬ ಮನುಷ್ಯ ತುಕ್ಕು ಹಿಡಿದ ಸಾಮಾನುಗಳನ್ನು ಉಜ್ಜಿ ಹೊಸದು ಮಾಡುತ್ತಾನೆ. ಹಳೆಯ ಕತ್ತರಿ, ಬೀಗ, ಇಕ್ಕಳ. ಅವನು ಮಾತಾಡುವುದಿಲ್ಲ. ಅವನ ಮುಖವೂ ಕಾಣುವುದಿಲ್ಲ, ಎರಡು ಕೈ ಮಾತ್ರ. ತುಕ್ಕು ಪುಡಿಪುಡಿಯಾಗಿ ಉದುರುವುದನ್ನು ನಾನು ಉಸಿರು ಹಿಡಿದು ನೋಡುತ್ತಿದ್ದೆ. ಸಹನಾ ಹೇಳಿದಂತೆ ಚಾಚುವುದಾದರೆ, ನಾನು ಅಷ್ಟೂ ಮೈಯನ್ನು ಆ ಕೈಗಳ ಕಡೆಗೆ ಚಾಚಿಕೊಂಡಿದ್ದೆ. ನನ್ನ ಹೂಂ ಒಂದನ್ನು ಮಾತ್ರ ಅಕ್ಕನ ಹತ್ತಿರ ಬಿಟ್ಟಿದ್ದೆ.

ಮೂರನೆಯ ಭಾನುವಾರ ಕಳೆದು ಬಂದ ಗುರುವಾರ ಬೆಳಿಗ್ಗೆ ಪಕ್ಕದ ಮನೆಯ ರತ್ನವ್ವನ ಫೋನು ಬಂತು. ನಾವು ಹೋದಾಗ ನೀಲಕ್ಕ ಅದೇ ಕಂಬಕ್ಕೆ ಒರಗಿ ಕೂತಿದ್ದಳು. ಮೊರ ತೊಡೆಯ ಮೇಲೇ ಇತ್ತು. ಒಂದು ಕಡೆ ಬೀಜ, ಒಂದು ಕಡೆ ಸಿಪ್ಪೆ, ಒಂದರೊಳಗೊಂದು ಬೆರೆತಿರಲಿಲ್ಲ. ಕತ್ತು ಮಾತ್ರ ನಾನು ಕೂರುತ್ತಿದ್ದ ಚಾಪೆಯ ಕಡೆಗೆ ಸ್ವಲ್ಪ ಮುಂದೆ ಬಾಗಿತ್ತು. ಎದುರಿಗಿರುವವನು ಏನೋ ಹೇಳುತ್ತಾನೆ, ಕೇಳಿಸುತ್ತಿಲ್ಲ ಎಂಬಂತೆ.

ಡಾಕ್ಟರು ಹೃದಯ ಎಂದರು. ಆಗಲೇ ಅವರು ಆ ಪ್ರಶ್ನೆ ಕೇಳಿದ್ದು, ನಾನು ಆ ಉತ್ತರ ಕೊಟ್ಟಿದ್ದು. ರತ್ನವ್ವ ಬಾಗಿಲಲ್ಲಿ ನಿಂತಿದ್ದಳು. ಡಾಕ್ಟರು ಹೋದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹತ್ತಿರ ಬಂದಳು.

"ಏನೂ ಹೇಳಿಲ್ಲ ಅಂದ್ರೆಲ್ರಿ ಅಣ್ಣಾರ. ಮೂರು ವಾರದಿಂದ ನಿಮ್ ಮುಂದ ಹೇಳಿದ್ಲಲ್ಲ? ಎಡಗೈಯಾಗ ಇರಿವಿ ಹರದಂಗ ಆಗ್ತೈತಿ ಅಂತ, ದಮ್ಮು ಹತ್ತತೈತಿ ಅಂತ. ರಾಣಿಗೆ ಅಂತ ಹೇಳಿದ್ಲು, ಖರೆ. ನಿಮಗ ತಿಳಿಯದೇನು?"

ನಾನು ಚಾಪೆಯನ್ನು ಸುರುಳಿ ಸುತ್ತತೊಡಗಿದೆ.

"ನಾ ಹೊಸಪೇಟಿಗೆ ಕರಕೊಂಡ್ ಹೋಗ್ತೀನಿ ನಡಿ ಅಕ್ಕಾ ಅಂದೆ. 'ಬ್ಯಾಡ, ನನ್ನ ತಮ್ಮಗ ಹೇಳೀನಿ. ಅವಗ ಗೊತ್ತೈತಿ. ಅವ ಕರಕೊಂಡ್ ಹೋಗ್ತಾನ' ಅಂದ್ಲು."

ಇಷ್ಟನ್ನು ಹೇಳಿ ರತ್ನವ್ವ ನೀರು ಕಾಸಲು ಹೋದಳು. ಅವಳು ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಹೀಗಿರುವಾಗ ಮೊಮ್ಮಗಳು ಬಂದು ಅಟೆಂಡ್ ಪದದ ಅರ್ಥ ಓದಿದರೆ ನನಗೆ ಹೇಗಾಗಿರಬೇಕು ಹೇಳಿ. ಅವಳ ಪುಟಕ್ಕೆ ಒಳ್ಳೆಯ ಹೆಸರು ಬಂತು. ಅದನ್ನು ತರಗತಿಯಲ್ಲಿ ನಿಂತು ಓದಬೇಕೆಂದು ಅವಳು ಮಧ್ಯಾಹ್ನ ನನ್ನ ಕುರ್ಚಿಯ ಹಿಂದಿನ ಕೋಣೆಯಲ್ಲಿ ಫೋನಿಗೆ ಓದಿ, ತನ್ನ ದನಿ ಹೇಗಿದೆ ಎಂದು ನೋಡಿಕೊಳ್ಳುತ್ತಿದ್ದಳು. ಒಂದು ದಿನ ಓದಿ ಮುಗಿಸಿ, ಫೋನು ನಿಲ್ಲಿಸುವುದನ್ನು ಮರೆತು, ಕಿಟಕಿಯಲ್ಲಿಟ್ಟು ಮಜ್ಜಿಗೆ ಕುಡಿಯಲು ಹೋದಳು. ಸಂಜೆ ನನ್ನ ಹತ್ತಿರ ಬಂದು ಕೂತಳು. ಮುಖ ಸಣ್ಣದಾಗಿತ್ತು.

"ತಾತಾ, ಮಧ್ಯಾಹ್ನ ನೀ ಯಾರ ಜೋಡಿ ಮಾತಾಡ್ತಿದ್ದಿ?"

"ಯಾರ ಜೋಡೀನೂ ಇಲ್ಲವ್ವ. ಸುಮ್ನ ರಸ್ತಿ ನೋಡಕೋತ ಕುಂತಿದ್ದೆ."

"ನಿದ್ದಿ ಮಾಡಿದ್ದೇನು?"

"ಇಲ್ಲ. ಬಾಳೆಹಣ್ಣಿನ ಗಾಡಿ ಹೋಗಿದ್ದೂ ನೋಡೀನಿ."

ಅವಳು ಫೋನು ನನ್ನ ಕಿವಿಯ ಹತ್ತಿರ ಹಿಡಿದಳು. ಫ್ಯಾನಿನ ಸದ್ದು. ಮುಂದಿನ ಅಂಗಡಿಯಲ್ಲಿ ನನ್ನ ಮಗನ ಜೆರಾಕ್ಸ್ ಮಷೀನು ಕಾಗದ ಉಗುಳುವ ಸದ್ದು. ಬಾಳೆಹಣ್ಣಿನವನ ಕೂಗು. ಆಮೇಲೆ ಹೂಂ. ನನ್ನದೇ ದನಿ. ಒಂದಿಷ್ಟು ಹೊತ್ತು ಏನೂ ಇಲ್ಲ. ಮತ್ತೆ ಹೂಂ. ಈ ಸಲ ನಡುವಿನ ಬಿಡುವು ಉದ್ದವಾಗಿತ್ತು, ಯಾರೋ ದೊಡ್ಡ ಮಾತೊಂದನ್ನು ಸಮಾಧಾನವಾಗಿ ಹೇಳಿ ಮುಗಿಸುವಷ್ಟು. ಹೂಂ. ಆಮೇಲೆ ಎರಡು ಬಿಡುವು ಚಿಕ್ಕವು. ಹೂಂ, ಹೂಂ. ಹೀಗೆ ಮಜ್ಜಿಗೆ ಕುಡಿದು ಅವಳು ವಾಪಸ್ಸು ಬರುವವರೆಗೆ. ಒಂದು ಕಡೆ ನಾನು ಸಣ್ಣಗೆ ನಕ್ಕಿದ್ದೆ. ಗಾಬರಿಯಾಗಿದ್ದು ಅದಕ್ಕೆ. ನೀಲಕ್ಕ ಹೋದ ಮೇಲೆ ನಾನು ನಕ್ಕ ನೆನಪೇ ನನಗಿಲ್ಲ.

ನಾಲ್ಕು ಸಲ ಹಾಕಿಸಿ ಕೇಳಿದೆ. ಹೂಂಗಳನ್ನಲ್ಲ, ನಡುವಿನ ಬಿಡುವುಗಳನ್ನು. ಫ್ಯಾನಿನ ಸದ್ದಿನ ಕೆಳಗೆ ಏನಾದರೂ ಇದೆಯೇ ಎಂದು ಕಿವಿ ಒತ್ತಿ ಹಿಡಿದೆ. ಕಿವಿ ಬಿಸಿಯಾಯಿತು, ಅಷ್ಟೆ.

"ಆ ಕಡಿ ಇರಾರು ಏನ್ ಹೇಳ್ತಾರ ತಾತಾ?" ಎಂದಳು ಸಹನಾ. ಅವಳು ತಮಾಷೆಗೆ ಕೇಳಿರಲಿಲ್ಲ. ನನಗೆ ಗೊತ್ತಿಲ್ಲ ಎಂದೆ. ಇಷ್ಟು ವರ್ಷಗಳಲ್ಲಿ ಯಾರಾದರೂ ನನ್ನನ್ನು ಅದೊಂದನ್ನು ಕೇಳಿದ್ದರೆ ಅದೇ ಉತ್ತರ ಕೊಡಬೇಕಾಗುತ್ತಿತ್ತು.

ಮುಂದಿನ ಭಾನುವಾರ ತಂಬ್ರಹಳ್ಳಿಗೆ ಹೋದೆ. ನೀಲಕ್ಕನ ಮನೆಗೂ ರತ್ನವ್ವನ ಮನೆಗೂ ನಡುವೆ ಎದೆಮಟ್ಟದ ಒಂದು ಮಣ್ಣಿನ ಗೋಡೆ. ಅಕ್ಕನ ಮನೆಯ ಬೀಗ ತೆಗೆದು ಪಡಸಾಲೆಯಲ್ಲಿ ಚಾಪೆ ಹಾಸುತ್ತಿದ್ದಾಗ ಗೋಡೆಯ ಮೇಲೆ ರತ್ನವ್ವನ ತಲೆ ಕಾಣಿಸಿತು.

"ಓಹೋ, ಅಟೆಂಡರ್ ಸಾಹೇಬ್ರು! ಯಾರಿಗೆ ಗಂಟಿ ಹೊಡಿಯಾಕ ಬಂದ್ರಿ?"

"ನಿನ್ನ ಹತ್ರನ ಬಂದೀನಿ ರತ್ನವ್ವ. ಒಂದೀಟು ಈಕಡಿ ಬಾ. ಅಕ್ಕ ಹೇಳಿದ ಕತಿ ನನಗ ಪೂರಾ ಹೇಳಬೇಕು."

ಅವಳು ಗೋಡೆ ಬಳಸಿ ಬಂದಳು. ಬಂದು, ಕಂಬಕ್ಕೆ ಒರಗದೆ, ಅದರ ಪಕ್ಕಕ್ಕೆ ಸರಿದು ಕೂತಳು. ನಾನು ಫೋನನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲ ಮೇಲೆ ಇಟ್ಟುಕೊಂಡೆ.

"ಒಬ್ಬಾಕಿ ರಾಣಿ ಇದ್ಲಂತ," ಎಂದು ಶುರು ಮಾಡಿ ನಿಲ್ಲಿಸಿದಳು. ಕಾದಳು. ನಾನು ಅವಳ ತುಟಿಯನ್ನೇ ನೋಡುತ್ತ ಕೂತಿದ್ದೆ.

"ಹೂಂ ಅನ್ರಿ. ಇಲ್ಲಂದ್ರ ಹೆಂಗ ಹೇಳ್ಲಿ? ಗ್ವಾಡಿಗೆ ಹೇಳಿದಂಗ ಆಗ್ತೈತಿ."

ಇನ್ನೆಂದೂ ಆ ಸದ್ದು ಬಾಯಿಂದ ಹೊರಡಿಸಬಾರದು ಎಂದು ನಿಶ್ಚಯ ಮಾಡಿಕೊಂಡು ಬಂದಿದ್ದೆ. ಬೇರೆ ದಾರಿ ಇರಲಿಲ್ಲ. ಹೂಂ ಎಂದೆ. ಒಡಕು ದನಿ. ಅದೂ ತಡವಾಗಿ ಬಂತು. ಮಾತನ್ನು ನಿಜವಾಗಿ ಕೇಳಿದರೆ ಹೂಂ ತಡವಾಗುತ್ತದೆ ಎಂಬುದು ಈ ವಯಸ್ಸಿಗೆ ಗೊತ್ತಾಯಿತು.

"ಆ ರಾಣಿ ಎಡಗೈ ಬೆರಳಾಗ ಇರಿವಿ ಹೊಕ್ಕವಂತ. ಕೈ ತಿರುವಿ ಮುರುವಿ ನೋಡಿದ್ರ ಒಂದೂ ಕಾಣವಲ್ವು. ಮೊದಲ್ನೆ ವಾರ ಇಷ್ಟ ಹೇಳಿದ್ಲು, ಗ್ವಾಡಿ ಆಕಡಿಂದ ಕೇಳೀನಿ."

"ಹೂಂ."

"ಎರಡ್ನೆ ವಾರಕ್ಕ ಮೊಣಕೈಗೆ ಬಂದುವಂತ. ನೀರು ತರಾಕ ಹೋದ್ರ ಮೂರನೆ ಮೆಟ್ಟಲಕ್ಕ ದಮ್ಮು ಹತ್ತಿ ಕುಂದ್ರತಾಳಂತ. ಹಗ್ಗ ಬಿಟ್ಟ ಕೊಡ ಬಾವಿಯಾಗ ಇಳದಂಗ ಎದಿ ಒಳಗ ಏನೋ ಇಳಿತೈತಂತ. ಅರಮನಿ ಬಾಗಲಾಗ ಒಬ್ಬ ನಿಂತಿರ್ತಾನ, ರಾಣಿ ಹೇಳಿದ್ದಕ್ಕೆಲ್ಲ ಗೋಣು ಹಾಕ್ತಾನ. ಅವಗ ಹೇಳಿದ್ಲಂತ."

ಆ ಬಾಗಿಲಲ್ಲಿ ನಿಂತವನು ಯಾರೆಂದು ರತ್ನವ್ವ ಹೇಳಲಿಲ್ಲ. ನಾನು ಕೇಳಲಿಲ್ಲ. ಹೂಂ ಎಂದೆ.

"ಮೂರನೆ ವಾರ ನಾನೂ ಇಲ್ಲೇ ಸುಲಿಯಾಕ ಕುಂತಿದ್ದೆ. ಇರಿವಿ ಭುಜ ದಾಟಿ ದವಡಿಗೆ ಬಂದುವು ಅಂದ್ಲು. ನೀವು ಹೂಂ ಅಂದ್ರಿ. ನಾಳೆ ಬಾಗಲಾಗಿನವ ಗಾಡಿ ಕಟ್ಟಕೊಂಡು ಬರ್ತಾನ ಅಂತ ರಾಣಿ ಸೀರಿ ಉಟ್ಟು ಕುಂತ್ಲು ಅಂದ್ಲು. ಹೂಂ ಅಂದ್ರಿ. ಆಗ ಅಕ್ಕ ಸುಲಿಯಾದು ಬಿಟ್ಟು ನಿಮ್ಮನ್ನ ನೋಡಿದ್ಲು. 'ಆಮ್ಯಾಲೆ ಆ ರಾಣಿ ಎದ್ದು ಬಂದು ನಿನ್ನ ತಲೀ ಮ್ಯಾಲೆ ಕುಂತು ಕೋಳಿ ಸಾಕಿದ್ಲು' ಅಂದ್ಲು."

ನನಗೆ ಮುಂದಿನದು ಗೊತ್ತಾಗಿತ್ತು. ಆದರೂ ರತ್ನವ್ವ ಹೇಳಲಿ ಎಂದು ಕೂತೆ.

"ನೀವು ಹೂಂ ಅಂದ್ರಿ. ನನಗ ನಗಿ ಬಂತು. ಅಕ್ಕಗ ಬರಲಿಲ್ಲ. 'ಸಾಕು, ಬಸ್ಸಿಗೆ ಹೊತ್ತಾತು, ಹೋಗು' ಅಂದ್ಲು."

ಅದು ನನಗೆ ನೆನಪಿದೆ. ಆ ಮೂರು ವಾರದಲ್ಲಿ ನಾನು ಕೇಳಿಸಿಕೊಂಡ ಮಾತು ಅದೊಂದೇ. ಹೋಗು ಎಂದಳು, ಫೋನು ಜೇಬಿಗೆ ಹಾಕಿಕೊಂಡು ಹೋದೆ.

ಹೇಳುವುದು ಮುಗಿಯಿತೆಂದು ರತ್ನವ್ವ ಏಳಲಿಲ್ಲ. ನಾನೂ ಏಳಲಿಲ್ಲ. ಬಿಸಿಲು ಅಂಗಳದ ಅರ್ಧಕ್ಕೆ ಬಂದಿತ್ತು. ಗೋಡೆಯ ಆಚೆ ಅವಳ ಎಮ್ಮೆ ಮೆಲುಕು ಹಾಕುತ್ತಿತ್ತು. ನಾನು ಅವಳಿಗೆ ಎಲ್ಲವನ್ನೂ ಹೇಳಿದೆ. ತುಕ್ಕಿನ ಸಾಮಾನು, ಆ ಎರಡು ಕೈ, ಒಂದು ಮಾತೂ ಕಿವಿಗೆ ಬೀಳದ್ದು, ಡಾಕ್ಟರಿಗೆ ಕೊಟ್ಟ ಉತ್ತರ, ಎಲ್ಲ. ಅವಳು ನಡುವೆ ಒಂದು ಸಲವೂ ಹೂಂ ಎನ್ನಲಿಲ್ಲ. ಮುಖವೆತ್ತಿ ಕೇಳಿದಳು. ಕೊನೆಗೆ ಅವಳ ಹುಬ್ಬು ಗಂಟಾಯಿತು.

"ಹಂಗ್ಯಾಕ ಹೇಳ್ತೀರಿ? ಅವತ್ತು ನೀವು ಕೇಳೀರಲ್ರಿ. ಆಮ್ಯಾಲಿಂದು."

"ಆಮ್ಯಾಲೆ ಎಲ್ಲಿ ಕೇಳಿದೆ? ನಾ ಬಸ್ಸಿಗೆ ಹೋದೆ."

"ಹೋಗಿ ತಿರುಗಿ ಬಂದ್ರಿ. ಬಸ್ಸು ತಪ್ಪಿರಬೇಕು ಅಂದ್ಕಂಡೆ. ನಾ ಎಮ್ಮಿ ಹಿಂಡಾಕ ಕುಂತಿದ್ದೆ, ಗ್ವಾಡಿ ಆಕಡಿ. ಬಸ್ಸು ಹೋಗಿ ಬಾಳ ಹೊತ್ತಾಗಿತ್ತು. ಅಕ್ಕ ಹೇಳಾಕತ್ತಿದ್ಲು, ನೀವು ಹೂಂ ಹೂಂ ಅನ್ನಾಕತ್ತಿದ್ರಿ."

"ರತ್ನವ್ವ, ನಾ ಬಸ್ಸಿನಾಗಿದ್ದೆ."

"ನಿಮ್ಮ ದನಿ ನನಗ ಗೊತ್ತಿಲ್ಲೇನ್ರಿ? ಅವತ್ತು ಮಾತ್ರ ಚಂದ ಅಂದ್ರಿ. ಒಂದೊಂದ ಮಾತು ತಡದು ತಡದು. ಒಂದ್ಕಡಿ ನಕ್ಕಿರಿ. ಅಕ್ಕನೂ ನಕ್ಳು."

ನಾನು ಬಸ್ಸಿನಲ್ಲಿದ್ದೆ. ಕಿಟಕಿಯ ಪಕ್ಕ ಕೂತಿದ್ದೆ. ಕಂಡಕ್ಟರು ನಮ್ಮ ಕಾಲೇಜಿನಲ್ಲಿ ಓದಿದ ಹುಡುಗ. ದಾರಿಯುದ್ದಕ್ಕೂ ತನ್ನ ವರ್ಗಾವಣೆಯ ಕಷ್ಟ ಹೇಳಿಕೊಂಡ. ಬೊಮ್ಮನಹಳ್ಳಿಯಲ್ಲಿ ಇಳಿಯುವಾಗ, "ಸಾರ್, ಹುಷಾರಿಲ್ಲೇನ್ರಿ? ಇವತ್ತು ಹೂಂನೂ ಅನ್ನಲಿಲ್ಲ" ಎಂದು ಕೇಳಿದ್ದ.

ಅದನ್ನು ರತ್ನವ್ವನಿಗೆ ಹೇಳಲಿಲ್ಲ. "ಆಮ್ಯಾಲೆ ಏನಾತು?" ಎಂದೆ. "ಕತಿ ಹೆಂಗ ಮುಗಿಸಿದ್ಲು ಅಕ್ಕ? ರಾಣಿ ಏನಂದ್ಲು?"

"ಅದನ್ನ ನಾ ಕೇಳಲಿಲ್ರಿ," ಎಂದಳು ರತ್ನವ್ವ. "ಕೇಳಾಕ ನೀವಿದ್ರಲ್ಲ ಅಂತ ಹಾಲು ತಗಂಡು ಒಳಗ ಹೋದೆ."